ಒಂದು ಗೇಣು ಮುಂದಕ್ಕೆ

ಕಾರು ಎರಡು ಸಲ ಜಗ್ಗಿ ಗಕ್ಕನೆ ನಿಂತುಬಿಟ್ಟಿತು. ಪಕ್ಕದ ಸೀಟಿನಲ್ಲಿದ್ದ ಲೈಸೆನ್ಸ್ ಪರೀಕ್ಷೆಯ ಸಾಹೇಬರು ಉಸ್ಸೆಂದು ಹಾಳೆಯ ಮೇಲೊಂದು ಗೆರೆ ಎಳೆದರು. "ಒಂದು ಆಯ್ತಮ್ಮ. ಇನ್ನೊಂದು ಸಲ ಆಫ್ ಆದ್ರೆ ಇಳಿದು ಹೋಗೋದೇ."

ಸ್ಟೇರಿಂಗ್ ಹಿಡಿದಿದ್ದ ನರ್ಸು ಮತ್ತೆ ಕೀ ತಿರುಗಿಸಿದಳು. ಅವಳು ಪರೀಕ್ಷೆಗೆ ಬಂದದ್ದು ಇದು ಮೂರನೆಯ ಸಲ. ಸೋಮವಾರದಿಂದ ರೋಗಿಗಳ ಮನೆಮನೆಗೆ ಹೋಗುವ ಕೆಲಸ ಅವಳಿಗೇ ಎಂದು ದೊಡ್ಡ ಡಾಕ್ಟರು ಹೇಳಿದ್ದರು, ಆದರೆ ಲೈಸೆನ್ಸ್ ಸಿಕ್ಕಿದರೆ ಮಾತ್ರ. ಹನ್ನೊಂದು ವರ್ಷ ಒಂದೇ ವಾರ್ಡಿನಲ್ಲಿ ಸುತ್ತಿ ಸುತ್ತಿ ರೋಸಿಹೋಗಿದ್ದವಳು ಈ ಕೆಲಸದ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಹೊರಡುವಾಗ ಗಂಡ, "ಈ ಸಲವೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡಮ್ಮ ತಾಯಿ, ನಂಗೆ ಇನ್ನು ರಜೆ ಸಿಗಲ್ಲ" ಎಂದಿದ್ದ. ಅತ್ತೆಯದು ಇನ್ನೊಂದು ರಾಗ: "ಹನ್ನೆರಡಕ್ಕೆಲ್ಲ ಮುಗಿಯುತ್ತೆ ತಾನೇ? ಅಡುಗೆ ಯಾರು ಮಾಡ್ತಾರೆ?" ಈಗ ಇಬ್ಬರೂ ಮೈದಾನದ ಬೇಲಿಯಾಚೆ ಬೆಂಚಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು.

ಮುಂದೆ ಏರು. ಅವಳು ಸೀಟಿನ ತುದಿಗೆ ಜಾರಿ, ಕಾಲು ಚಾಚಿ, ಬರೀ ಬೆರಳ ತುದಿಯಲ್ಲಿ ಕ್ಲಚ್ಚು ಒತ್ತಲು ಒದ್ದಾಡಿದಳು. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮಾ ಇದು ಸರ್ಕಸ್ಸು? ಸೀಟು ಮುಂದಕ್ಕೆ ಎಳ್ಕೊಳ್ಳೋಕೇನು?"

"ಬೇಡ ಸಾರ್... ಇದು ನಮ್ಮನೆಯವರ ಅಳತೆಗೆ ಇರೋದು. ಅವರು ಎತ್ತರ. ಎಳೆದ್ರೆ ಅವರಿಗೆ ತೊಂದ್ರೆ ಆಗುತ್ತೆ."

"ಪರೀಕ್ಷೆ ಅವರಿಗಾ, ನಿಮಗಾ?"

ಅವಳ ಕೈ ಸೀಟಿನಡಿಗೆ ಹೋಗಿ ಹಿಂದಕ್ಕೆ ಬಂತು. ಕಲಿಯುವಾಗ ಒಮ್ಮೆ ಎಳೆದಿದ್ದಳು, ಮತ್ತೆ ಹಿಂದಕ್ಕೆ ತಳ್ಳಲು ಮರೆತಿದ್ದಳು. ಮಾರನೆಯ ದಿನ ಗಂಡನ ಮಂಡಿಗೆ ತಾಗಿ, ವಾರವಿಡೀ ಮನೆಯಲ್ಲಿ ಅದೇ ಪುರಾಣ. "ನಿನ್ನ ಶೋಕಿಗೆ ಅವನ ಕಾಲು ಮುರೀಬೇಕಾ?" ಎಂದು ಅತ್ತೆ ಕೇಳಿದ್ದರು. ಅಂದಿನಿಂದ ಅವಳು ಆ ಸೀಟಿನ ತಂಟೆಗೇ ಹೋಗಿರಲಿಲ್ಲ. ಕನ್ನಡಿಯೂ ಅಷ್ಟೇ, ಅವಳಿಗೆ ಅದರಲ್ಲಿ ಕಾಣುತ್ತಿದ್ದದ್ದು ಕಾರಿನ ಚಾವಣಿ.

ಸಾಹೇಬರು ಹಾಳೆಯ ಮೇಲೆ ಪೆನ್ನು ಕುಟ್ಟಿದರು. "ಹಿಂದೆ ಇನ್ನೂ ಏಳೆಂಟು ಜನ ಕಾಯ್ತಿದಾರೆ. ಹೋಗ್ತೀರೋ, ಇಳೀತೀರೋ?"

ಅವಳು ಬೇಲಿಯ ಕಡೆ ನೋಡಿದಳು. ಗಂಡ ಎದ್ದು ನಿಂತು ಕೈ ಆಡಿಸಿ ಏನೋ ಹೇಳುತ್ತಿದ್ದ. ಆಗಿದ್ದಾಗಲಿ ಎಂದು ಸೀಟಿನಡಿಯ ಹಿಡಿಗೆ ಕೈ ಹಾಕಿದಳು. ಕಟಕ್! ಸೀಟು ಒಂದು ಗೇಣು ಮುಂದಕ್ಕೆ ಬಂತು. ಕದಿಯುವವಳ ಹಾಗೆ ಹೆದರುತ್ತಲೇ ಕನ್ನಡಿಯನ್ನೂ ತಿರುಗಿಸಿದಳು. ಅಬ್ಬಾ, ಹಿಂದಿನ ದಾರಿ ಪೂರ್ತಿ ಕಾಣುತ್ತಿದೆ! ಕ್ಲಚ್ಚು ಇಡೀ ಪಾದಕ್ಕೆ ಸಿಕ್ಕಿತು. ಕಾರು ಏರು ಹತ್ತಿತು, ಇಳಿಯಿತು, ಹಿಂದಕ್ಕೂ ಹೋಯಿತು. ಎಲ್ಲೂ ಆಫ್ ಆಗಲಿಲ್ಲ.

ಪಾಸಾದ ಚೀಟಿ ಹಿಡಿದು ಅವಳು ಆಫೀಸಿನಿಂದ ಹೊರಗೆ ಬರುವಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಎಂದಿನಂತೆ ಡ್ರೈವರ್ ಸೀಟಿಗೆ ನುಗ್ಗಿದ ಗಂಡ "ಅಯ್ಯಪ್ಪಾ!" ಎಂದು ಮಂಡಿ ಹಿಡಿದುಕೊಂಡ. "ಯಾರೇ ಇದನ್ನ ಎಳೆದಿದ್ದು?"

"ನಾನೇ."

"ಆಯ್ತಲ್ಲ ನಿನ್ನ ಪರೀಕ್ಷೆ!" ಎಂದು ಗೊಣಗುತ್ತ ಅವನು ಸೀಟಿನ ಹಿಡಿಯನ್ನು ತಡಕಾಡಿದ.

"ಅದನ್ನ ಮುಟ್ಬೇಡಿ." ಅವಳು ಅಂಗೈ ಚಾಚಿದಳು. "ಕೀ ಕೊಡಿ. ನೀವು ಆ ಕಡೆ ಬನ್ನಿ. ಈ ಸೀಟು ನನಗೆ ಸರಿಯಾಗಿದೆ."