ಬೀಗ ಹಾಕಿದ ಗಾಡಿ

ಕುದುರೆ ಸಾಗಿಸುವ ಗಾಡಿಯ ತಗಡು ಒಳಗಿನಿಂದ ಧಡಾರೆಂದಿತು. ಮತ್ತೊಂದು ಒದೆ. ಆಮೇಲೆ ಕುದುರೆಯ ಕೆನೆತ. ಕೆನೆತ ಅನ್ನುವುದಕ್ಕಿಂತ ನರಳಾಟ.

"ಒಳಗೊಂದು ಜೀವ ಸಾಯ್ತಾ ಇದೆ, ನೀವಲ್ಲಿ ನಿಂತ್ಕೊಂಡು ಸೀಟಿ ಊದ್ತಾ ಇದ್ದೀರಾ?" ಹಸಿರು ಕೋಟಿನ ಹೆಂಗಸು ಸೀಟಿಮಾವನನ್ನು ತೋಳು ಹಿಡಿದು ಎಳೆದುಕೊಂಡೇ ಬಂದಿದ್ದಳು. ಅವಳ ಕೊರಳಲ್ಲಿ ಸ್ಟೆತಸ್ಕೋಪು ಜೋತಾಡುತ್ತಿತ್ತು.

ಸೀಟಿಮಾವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಕುದುರೆ ಜಿಗಿತದ ಪಂದ್ಯ ನಡೆಯುವ ಈ ಮೈದಾನದ ಹಿಂದೆ, ಗಾಡಿ ನಿಲ್ಲಿಸುವ ಅಂಗಳಕ್ಕೆ ಅವನೇ ಕಾವಲು, ಅವನೇ ಯಜಮಾನ. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಕುದುರೆಯ ಕಾಲು ಮುರಿದದ್ದನ್ನು ಒಮ್ಮೆ ಕಣ್ಣಾರೆ ಕಂಡಿದ್ದ. ಅಂದಿನಿಂದ ಅವನ ಅಂಗಳದಲ್ಲಿ ಯಾವ ಗಾಡಿಯೂ ನಡೆಯುವವನಿಗಿಂತ ಜೋರಾಗಿ ಹೋಗುವಂತಿರಲಿಲ್ಲ. ಅವನ ಸೀಟಿಯಿಲ್ಲದೆ ಯಾರೂ ಗಾಡಿಯನ್ನು ಹಿಂದಕ್ಕೆ ತೆಗೆಯುವಂತಿರಲಿಲ್ಲ. ಆದರೂ ಪಂದ್ಯದ ದಿನ ಬಂತೆಂದರೆ ಅವನಿಗೆ ಮನುಷ್ಯರನ್ನು ಕಂಡರೆ ವಾಕರಿಕೆ. ಕುದುರೆ ಬಾಯಾರಿ ನಾಲಿಗೆ ಚಾಚುತ್ತಿದ್ದರೆ, ಸವಾರರು ಬೂಟಿಗೆ ಪಾಲಿಶ್ ಹಾಕಿಕೊಳ್ಳುತ್ತ ಕೂತಿರುತ್ತಿದ್ದರು.

ಈ ಗಾಡಿ ಸುಡುಬಿಸಿಲಲ್ಲಿ ನಿಂತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂಬಾಗಿಲಿಗೆ ಬೀಗ.

"ಒಂದು ಕಿಟಕೀನೂ ಬಿಡದೆ ಹೊರಗಿಂದ ಚಿಲಕ ಜಡಿದಿದೆ ನೋಡಿ," ಎಂದಳು ಅವಳು. "ಇಂಥವರ ಹತ್ರ ಕುದುರೆ ಇರಬಾರದು."

"ಬೀಗದ ಕೈ ಇರೋನು ಬರಲಿ, ತಾಳಿ."

"ಅವನು ಬರೋ ಹೊತ್ತಿಗೆ ಇದು ಇಲ್ಲಿರಲ್ಲ."

ಸೀಟಿಮಾವ ಓಡಿಹೋಗಿ ಕಬ್ಬಿಣದ ಸಲಾಕೆ ತಂದ. ಒಂದೆರಡು ಏಟಿಗೆ ಬೀಗ ಕಳಚಿತು. ಬಾಗಿಲು ಕೆಳಗಿಳಿದದ್ದೇ ತಡ, ಒಳಗಿನ ಬಿಸಿಗಾಳಿ ಮುಖಕ್ಕೆ ರಾಚಿತು. ಮೂತ್ರದ ಘಾಟು. ಬೆಂದ ಲದ್ದಿ. ಬೆವರಿನ ಹುಳಿನಾತ. ಅವನು ಪಕ್ಕಕ್ಕೆ ತಿರುಗಿ ಉಗಿದ. ಕಂದು ಬಣ್ಣದ ಹೆಣ್ಣುಕುದುರೆ, ಮೈಯೆಲ್ಲ ಒದ್ದೆ. ತೊಡೆಗಳ ನಡುವೆ ಸಾಬೂನಿನಂಥ ನೊರೆ. ತಗಡಿಗೆ ಒದ್ದೊದ್ದು ಹಿಂಗಾಲಿನ ಚರ್ಮ ಕಿತ್ತುಬಂದಿತ್ತು. ರಕ್ತದ ಮೇಲೆ ಆಗಲೇ ನೊಣ ಮುತ್ತಿದ್ದವು.

ಜನ ಸೇರಿದರು. ಹುಲ್ಲು ಮಾರುವವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಥೂ! ಯಾವನವನು? ಅವನನ್ನೇ ಇದರೊಳಗೆ ಕೂಡಿ ಬೀಗ ಹಾಕ್ಬೇಕು!"

ಹಸಿರು ಕೋಟಿನವಳು ಬೈಯುತ್ತ ನಿಲ್ಲಲಿಲ್ಲ. ಕುದುರೆಯ ತಲೆ ಹಿಡಿದು, ಹೆಜ್ಜೆಹೆಜ್ಜೆಗೂ ಮಾತಾಡಿಸುತ್ತ ಕೆಳಗಿಳಿಸಿದಳು. ಕುತ್ತಿಗೆಗೆ, ಕಾಲಿಗೆ ತಣ್ಣೀರು ಸುರಿದಳು. ಸ್ಟೆತಸ್ಕೋಪು ಎದೆಗಿಟ್ಟು ಕಣ್ಣುಮುಚ್ಚಿ ಕೇಳಿದಳು. ಮೆಲ್ಲಗೆ ಪಕ್ಕೆಗಳ ಏರಿಳಿತ ತಗ್ಗಿತು. ಕುದುರೆ ಅವಳ ಭುಜಕ್ಕೆ ಮೂತಿ ಆನಿಸಿತು.

"ಉಳಿಯುತ್ತಾ, ಡಾಕ್ಟರಮ್ಮ?"

"ಇಲ್ಲೇ ಬಿಟ್ರೆ ಕಷ್ಟ. ನನ್ನ ಗಾಡಿ ಇದೆ, ಕರ್ಕೊಂಡು ಹೋಗ್ತೀನಿ."

ಅವಳ ಗಾಡಿ ಹೇಗಿರಬೇಕೋ ಹಾಗಿತ್ತು. ಕಿಟಕಿಗಳು ತೆರೆದಿದ್ದವು. ನೆಲಕ್ಕೆ ಜಾರದ ರಬ್ಬರು. ಬಲೆಯಲ್ಲಿ ಹಸಿಹುಲ್ಲು. ಕುದುರೆ ತಾನಾಗಿಯೇ ಹತ್ತಿತು. ಲೋಕದಲ್ಲಿ ಒಬ್ಬರಾದರೂ ಹೀಗಿದ್ದಾರಲ್ಲ ಎಂದು ಸೀಟಿಮಾವನ ಕಣ್ಣು ತುಂಬಿತು.

"ಅವನು ಬಂದ್ರೆ ಏನು ಹೇಳ್ಲಿ?"

"ನೀವು ಕಣ್ಣಾರೆ ನೋಡಿದ್ದನ್ನೇ ಹೇಳಿ."

ಸೀಟಿಮಾವ ಆವತ್ತು ತನ್ನ ಕೆಲಸದ ವಿದ್ಯೆಯನ್ನೆಲ್ಲ ತೋರಿಸಿದ. ಒಳಗೆ ಬರುತ್ತಿದ್ದ ಲಾರಿಗಳನ್ನು ತಡೆದ. ಅಡ್ಡಾಡುತ್ತಿದ್ದ ಕುದುರೆಗಳನ್ನು ಬೇಲಿಯಾಚೆ ಕಳಿಸಿದ. ಅವಳ ಗಾಡಿಯ ಹಿಂದೆ ನಿಂತು, ಇಂಚಿಂಚಾಗಿ, ಒಳಗಿನ ಗಾಯದ ಕಾಲು ಅಲುಗದ ಹಾಗೆ ಹಿಂದಕ್ಕೆ ತೆಗೆಸಿದ. ಗೇಟಿನ ಅಡ್ಡಗಂಬವನ್ನು ತಾನೇ ಎತ್ತಿದ. ಅವಳು ಕಿಟಕಿಯಿಂದ ಕೈಚಾಚಿ ಅವನ ಕೈ ಕುಲುಕಿದಳು.

"ನಿಮ್ಮಂಥವರು ಎಲ್ಲಾ ಕಡೆ ಇರ್ಬೇಕು, ಮಾವ."

ಅವನ ಎದೆ ಉಬ್ಬಿತು.

ಗಾಡಿಯ ಧೂಳು ಅಡಗಿ ಎಷ್ಟೋ ಹೊತ್ತಾದ ಮೇಲೆ ಕುದುರೆಯ ಮಾಲೀಕ ಬಂದ. ಬೋಳುತಲೆ, ಕೈಯಲ್ಲಿ ಕರಗುತ್ತಿದ್ದ ಐಸ್‌ಕ್ರೀಮು. ಪಕ್ಕದಲ್ಲಿ ಸವಾರಿಯ ಉಡುಪಿನ ಮಗಳು ಏನೋ ಹೇಳಿ ನಗುತ್ತಿದ್ದಳು.

ಆ ಐಸ್‌ಕ್ರೀಮು ಕಂಡು ಸೀಟಿಮಾವನಿಗೆ ಮೈಯೆಲ್ಲ ಉರಿಯಿತು. ಕಾಲರು ಹಿಡಿದು ದರದರನೆ ಎಳೆದು, ಅವನ ತಲೆಯನ್ನು ಗಾಡಿಯೊಳಗೆ ತಳ್ಳಿದ. "ಮೂಸು! ಚೆನ್ನಾಗಿ ಮೂಸು! ನೀನು ತಣ್ಣಗೆ ನೆಕ್ಕೊಂಡು ತಿರುಗ್ತಿದ್ರೆ ಆ ಮೂಕಪ್ರಾಣಿ ಇದನ್ನೇ ಉಸಿರಾಡ್ತಿತ್ತು!"

ಹುಲ್ಲು ಮಾರುವವಳು ಉಗಿದಳು. ಉಗುಳು ಅವನ ಬೂಟಿನ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಖಾಲಿ ಗಾಡಿಯನ್ನೇ ನೋಡುತ್ತಿದ್ದ.

"ಎಲ್ಲಿ ಅವಳು?" ಮಗಳು ಚೀರಿದಳು. "ಅಪ್ಪಾ, ಎಲ್ಲಿ ನಮ್ಮ ಕುದುರೆ?"

"ನಿಮ್ಮ ಕೈಗೆ ಸಿಗದ ಕಡೆ ಕಳಿಸಿದ್ದೀನಿ," ಎಂದ ಸೀಟಿಮಾವ. ಸುತ್ತಲಿದ್ದವರು ಭೇಷ್ ಎಂದರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಮಾಲೀಕ ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ನೋಡಿದ. ಐಸ್‌ಕ್ರೀಮು ಅವನ ಮಣಿಕಟ್ಟಿನಿಂದ ಅಂಗಿಯ ತೋಳಿಗೆ ಇಳಿಯುತ್ತಿತ್ತು.

"ಇವನ್ನೆಲ್ಲ ತೆರೆದಿಟ್ಟೇ ಹೋಗಿದ್ದೆ," ಎಂದ ಅವನು, ಗುಂಪಿನಲ್ಲಿ ಯಾರದೋ ಮುಖ ಹುಡುಕುತ್ತ. "ಆಫೀಸಲ್ಲಿ ಕರೀತಿದ್ದಾರೆ, ಸಾಹೇಬರು ಬರೋವರೆಗೂ ಅಲ್ಲೇ ಕಾಯ್ತಾ ಇರಿ, ಕುದುರೆ ಹತ್ರ ನಾನಿರ್ತೀನಿ ಅಂತ ನಮ್ಮಿಬ್ಬರನ್ನೂ ಕಳಿಸಿದ್ರಲ್ಲ, ಹಸಿರು ಕೋಟಿನ ಡಾಕ್ಟರಮ್ಮ... ಅವರೆಲ್ಲಿ?"