ಸೊನ್ನೆ ಬಂದ ತರಗತಿ

"ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರ್ತೀವಿ. ಕಣ್ಮುಚ್ಕೊಂಡು ಟಿಕ್ ಹಾಕಿದ್ರೂ ಕಾಲು ಭಾಗ ಸರಿ ಬರಬೇಕಿತ್ತಮ್ಮ," ಎಂದರು ಶಿಕ್ಷಣ ಇಲಾಖೆಯ ಅಧಿಕಾರಿ. "ನಿಮ್ಮ ಕ್ಲಾಸಲ್ಲಿ ಅದೂ ಇಲ್ಲ. ವರ್ಷಪೂರ್ತಿ ಏನು ಹೇಳ್ಕೊಟ್ರಿ?"

ಟೀಚರ್ ಮೇಜಿನತ್ತ ಬಗ್ಗಿ ನೋಡಿದಳು. ಐದನೇ ತರಗತಿಯ ಉತ್ತರಪತ್ರಿಕೆಗಳು ಮೇಜಿನ ತುಂಬ ಹರಡಿದ್ದವು, ಮೇಲಿಂದ ಕೆಳಗಿನವರೆಗೂ ಕೆಂಪು ಶಾಯಿ. ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಾಗಿತ್ತು.

ಸೋರುವ ಶಾಲೆಗೂ ಅದೇ ಪ್ರಶ್ನೆಪತ್ರಿಕೆ, ಸಿರಿವಂತರ ಬಡಾವಣೆಯ ಶಾಲೆಗೂ ಅದೇ. ಇದಕ್ಕೆ ನ್ಯಾಯ ಎಂದು ಹೆಸರು, ಇರಲಿ. ಮಕ್ಕಳು ತೆಗೆದ ಅಂಕವೇ ಕಲಿಸಿದವರ ಅಂಕ. ಮೇಲೆ ಬಂದವರಿಗೆ ಬಡ್ತಿ, ದೊಡ್ಡ ಶಾಲೆಗೆ ವರ್ಗ. ಕೆಳಗೆ ಬಿದ್ದವರು, ಕೆಲಸ ಕಾಯಂ ಆಗಿರದಿದ್ದರೆ, ಸೀದಾ ಮನೆಗೆ. ಈಕೆಯ ಕೆಲಸ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ದುಡಿಯುವವಳು ಇವಳೊಬ್ಬಳೇ.

"ಪೇಪರ್ ಅದಲು ಬದಲು ಆಗಿರಬಹುದು ಸಾರ್," ಎಂದಳು, ಪಕ್ಕದಲ್ಲಿ ಕೂತಿದ್ದ ಹೆಡ್ ಮೇಷ್ಟ್ರ ಕಡೆ ನೋಡುತ್ತ. ಅವರಿಗೂ ಇವಳಿಗೂ ಮೊದಲಿನಿಂದ ಎಣ್ಣೆ-ಸೀಗೆಕಾಯಿ. ಅವರು ಕಿಟಕಿಯತ್ತ ಮುಖ ತಿರುಗಿಸಿದರು.

"ಮಕ್ಕಳನ್ನೇ ಕೇಳಿಬಿಡೋಣ ಬನ್ನಿ," ಎಂದು ಅಧಿಕಾರಿ ಎದ್ದರು.

ತರಗತಿ ಎದ್ದು ನಿಂತಿತು. ಅಧಿಕಾರಿ ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು. ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಾಳೆಂದು ಇಡೀ ತರಗತಿ ಅವಳನ್ನು 'ಲಾಯರಮ್ಮ' ಎಂದೇ ಕರೆಯುತ್ತಿತ್ತು. ಬೋರ್ಡಿನ ಮೇಲೆ ಟೀಚರ್ ಮಾಡಿದ ತಪ್ಪನ್ನೇ ಹಿಡಿಯುವವಳು.

"ಅರ್ಧದಲ್ಲಿ ಅರ್ಧ ಎಷ್ಟಮ್ಮ?"

"ಗೊತ್ತಿಲ್ಲ ಸಾರ್."

ಟೀಚರ್ ಅವಳನ್ನೇ ನೋಡಿದಳು. ಲಾಯರಮ್ಮ ತಲೆ ಎತ್ತಲಿಲ್ಲ. ಹಿಂದಿನವಳಿಗೂ ಗೊತ್ತಿಲ್ಲ, ಅವಳ ಪಕ್ಕದವನಿಗೂ ಗೊತ್ತಿಲ್ಲ.

"ಹೆದರ್ಬೇಡ್ರೋ, ಹೇಳ್ರೋ," ಎಂದಳು ಟೀಚರ್. ತನ್ನ ದನಿ ಯಾರದೋ ಎಂಬಂತೆ ಕೇಳಿಸಿತು.

"ಹೇಳ್ಕೊಟ್ಟಿದ್ರೆ ತಾನೇ ಸಾರ್ ಹೇಳೋದು!" ಎಂದರು ಹೆಡ್ ಮೇಷ್ಟ್ರು.

ಕೆಲಸದಿಂದ ತೆಗೆದ ಆದೇಶ ಅಲ್ಲೇ ಸಿದ್ಧವಾಯಿತು. ತೋರಿಸಿದ ಕಡೆ ಸಹಿ ಹಾಕಿದಳು. ತನ್ನ ಲೋಟ, ಕೊಡೆ, ಹಳೆಯ ಸ್ವೆಟರು ಚೀಲಕ್ಕೆ ತುಂಬಿದಳು. ಅಷ್ಟು ಕಷ್ಟಪಟ್ಟು ಕಲಿಸಿದ್ದು ಒಬ್ಬರ ತಲೆಗೂ ಹತ್ತಲಿಲ್ಲವೇ? ಅಪ್ಪನಿಗೆ ಏನು ಹೇಳುವುದು? ಕಾಲುಗಳು ತಮ್ಮ ಪಾಡಿಗೆ ನಡೆದವು.

ಗೇಟಿನ ಬಳಿ ಇಡೀ ತರಗತಿ ಕಾಯುತ್ತಿತ್ತು. ಒಬ್ಬರ ಮುಖದಲ್ಲೂ ಹೆದರಿಕೆಯಿಲ್ಲ. ಲಾಯರಮ್ಮ ಓಡಿಬಂದು ಅವಳ ಕೈ ಹಿಡಿದಳು.

"ಎಲ್ಲಾ ತಪ್ಪು ಬರೀಬೇಕು ಅಂದ್ರೆ ಸರಿ ಯಾವ್ದು ಅಂತ ಗೊತ್ತಿರಬೇಕಲ್ವಾ ಟೀಚರ್, ಅದಕ್ಕೇ ಎಲ್ರೂ ಚೆನ್ನಾಗಿ ಓದ್ಕೊಂಡು ಹೋಗಿದ್ವಿ! ಹೋದ ವರ್ಷ ನಮಗೆ ಜಾಸ್ತಿ ಮಾರ್ಕ್ಸ್ ಬಂತು ಅಂತ ತಾನೇ ನಮ್ಮ ನಾಲ್ಕನೇ ಕ್ಲಾಸಿನ ಮೇಷ್ಟ್ರನ್ನ ದೊಡ್ಡ ಸ್ಕೂಲಿಗೆ ಕರ್ಕೊಂಡು ಹೋದ್ರು? ಇನ್ನು ನಿಮ್ಮನ್ನ ಯಾರೂ ನಮ್ಮಿಂದ ಕರ್ಕೊಂಡು ಹೋಗಲ್ಲ ಬಿಡಿ."