ದಾರಿ ಬಿಟ್ಟವರು

ಮಾದಯ್ಯನ ಹೆಂಡತಿ ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಹಸಿದು ಕಾಯುತ್ತಿದ್ದಳು. ಅವನ ಕೈಯಲ್ಲಿದ್ದ ಗಂಜಿ ಆರುತ್ತಿತ್ತು. ಮುದುಕ ರಸ್ತೆಗೆ ಕಾಲಿಟ್ಟಾಗಲೆಲ್ಲ ಹಾರ್ನುಗಳು ಮೈಮೇಲೆ ಬೀಳುತ್ತಿದ್ದವು.

“ಸಾಯೋಕೆ ನನ್ ಗಾಡೀನೇ ಬೇಕಾ ಮುದಿಯಾ? ಮನೇಲಿ ಬಿದ್ದಿರು!” ಎಂದು ಬೈಕಿನವನೊಬ್ಬ ಉಗಿದ.

ಅಷ್ಟರಲ್ಲಿ ತಮಟೆ ಬಡಿತದ ಜೊತೆ ಹೆಣವೊಂದು ಬಂದು ರಸ್ತೆ ದಾಟತೊಡಗಿತು. ಗಾಡಿಗಳೆಲ್ಲ ತೆಪ್ಪಗೆ ನಿಂತವು. ಉಗಿದವನೇ ಹೆಲ್ಮೆಟ್ ತೆಗೆದು ಕೈಮುಗಿದ. ಥೂ, ಸತ್ತವರ ಮೇಲೆ ಎಂಥ ಭಕ್ತಿ! ಮಾದಯ್ಯ ಚಟ್ಟದ ಪಕ್ಕ ಸೇರಿಕೊಂಡು ನಿಧಾನವಾಗಿ ಆಚೆ ತಲುಪಿದ.

ಹೆಗಲು ಕೊಟ್ಟಿದ್ದ ಮಗ ಕೇಳಿದ: “ನಮ್ಮಪ್ಪನ ಪರಿಚಯವಾ ತಾತ?”

“ಇಲ್ಲ ಕಣಪ್ಪ. ರಸ್ತೆ ದಾಟಬೇಕಿತ್ತು, ಅಷ್ಟೇ.”

“ನಿನ್ನೆ ಇಲ್ಲೇ ನಮ್ಮಪ್ಪಂಗೂ ಅಷ್ಟೇ ಬೇಕಿತ್ತು ತಾತ. ಲಾರಿಯವನು ನಿಲ್ಲಿಸ್ಲಿಲ್ಲ.”